ಗೋಡೆಯ ಈಚೆ

ಸಲಿಕೆಯ ಸದ್ದು ನಿಂತಿತು, ಯಾಕೆ ನಿಂತಿತು, ಇಷ್ಟು ಬೇಗ ಅಕ್ಕನ ಗುಂಡಿ ತುಂಬಿತೇ — ಇಲ್ಲಿಂದ ಏನೂ ಕಾಣದು, ಗೋಡೆ, ಬರೀ ಗೋಡೆ, ಆಚೆಯಿಂದ ಚಾಚಿಕೊಂಡ ಆಕ್ರೋಟು ಮರದ ಬೋಳು ಕೊಂಬೆ, ಅದರ ಕೆಳಗೂ ನಿಲ್ಲಬಾರದಂತೆ ನಾನು, ಯಹೂದಿ ಪುರೋಹಿತ ಕುಲದ ಲೇಮೆಲ್, ಸ್ಮಶಾನ ಸೋಕಬಾರದವನು. ಅಪ್ಪ, ಅಮ್ಮ, ಹೆಂಡತಿ ಸತ್ತರೆ ಒಳಗೆ ಹೋಗಬಹುದು, ಹೋಗಿದ್ದೇನೆ, ಮದುವೆಯಾಗದ ಅಕ್ಕನಿಗೂ ಹೋಗಬಹುದು, ಮದುವೆಯಾದವಳಿಗೆ ಕೂಡದು, ಎಂಥ ಹಾಳು ಶಾಸ್ತ್ರವೋ, ಬ್ರೈನೆಲ್ ಅಕ್ಕ ಮದುವೆಯ ದಿನವೇ ನಕ್ಕಿದ್ದಳು, ನೋಡೋ, ಗಂಡನ ಆಸೆಗೆ ಬಿದ್ದು ತಮ್ಮನ ಒಂದು ಹಿಡಿ ಮಣ್ಣು ಕಳ್ಕೊಂಡೆ, ಬಿಡ್ತು ಅನ್ನೇ ಎಂದು ಬೈದಿದ್ದೆ — ಈಗ ಮುಷ್ಟಿಯಲ್ಲಿ ಮಣ್ಣಿದೆ, ದಾರಿಯ ಮಣ್ಣು, ಯಾವಾಗ ಎತ್ತಿಕೊಂಡೆನೋ, ಚಳಿಗೆ ಗಟ್ಟಿಯಾಗಿದೆ. ಮೊದಲು ಈ ಗೋಡೆ ಇರಲಿಲ್ಲ, ಏನೂ ಬೆಳೆಯದ ಗುಡ್ಡ ಎಂದೇ ಜಮೀನುದಾರ ನಮ್ಮ ಯಹೂದಿ ಹೆಣಗಳಿಗೆ ಕೊಟ್ಟದ್ದು, ಸುತ್ತಲಿನ ಊರುಗಳಿಂದೆಲ್ಲ ಇಲ್ಲಿಗೇ ಹೊತ್ತು ತರುತ್ತಿದ್ದರು, ಬರೀ ಬೇಲಿ, ಯಾರೋ ನುಗ್ಗಿ ಗೋರಿಕಲ್ಲು ಒಡೆದ ಮೇಲೆ ತಾತನೇ ಮುಂದೆ ನಿಂತು ಗೋಡೆ ಎಬ್ಬಿಸಿದ, ಸತ್ತವರನ್ನು ಕಾಯಲೆಂದು, ತಾನೂ ಗೋಡೆಗೆ ಒತ್ತಿಯೇ ಮಲಗಿದ, ಮೊಮ್ಮಕ್ಕಳು ಹೊರಗಿನಿಂದಲೇ ಮಾತಾಡಿಸಲೆಂದು. ಅಕ್ಕ ಹೆಣ್ಣು, ಅವಳಿಗೆ ಅಡ್ಡಿಯಿಲ್ಲ, ಚಿಕ್ಕಂದಿನಲ್ಲಿ ಒಳಗೆ ಓಡಿ, ತಾತನ ಗೋರಿಯ ಪಕ್ಕದ ಕಲ್ಲು ಹತ್ತಿ ಕೈ ಎತ್ತುತ್ತಿದ್ದಳು, ಗೋಡೆಯ ಮೇಲೆ ಬರೀ ಕೈ, ಆಕ್ರೋಟಿನ ಸಿಪ್ಪೆಗೆ ಕಪ್ಪಾದ ಅಂಗೈ, ತಗೋಳೋ ಪುರೋಹಿತಪ್ಪ, ಕಾಯಿ ಬಂದು ನನ್ನ ತಲೆಗೇ ಬೀಳುತ್ತಿತ್ತು.

ಲೇಮೆಲ್, ಲೇಮೆಲ್, ಒಳಗಿನಿಂದ ನೆಫ್ತಾಲಿ, ಊರಿನ ಹೆಣಗಳನ್ನೆಲ್ಲ ಮಣ್ಣು ಮಾಡುವವನು, ರೊಟ್ಟಿ ಅಂಗಡಿಯವನು ಬರ್ಲೇ ಇಲ್ಲ ಕಣೋ, ಇಲ್ಲಿ ಒಂಬತ್ತೇ ಗಂಡಸರು, ಹತ್ತಾಗದೆ ಮಗ ತಾಯಿಗೆ ಕದ್ದೀಶ್ ಪ್ರಾರ್ಥನೆ ಹೇಳೋ ಹಾಗಿಲ್ಲ, ನಿನ್ನ ಮುಖ ತೋರ್ಸು, ಗೋಡೆ ಮೇಲೆ ಮುಖ ಕಂಡ್ರೆ ನೀನೂ ಲೆಕ್ಕಕ್ಕೆ ಬರ್ತೀಯ — ಹುಡುಗರೆಲ್ಲ ಸ್ಟ್ರಾಸ್‌ಬುರ್ಗ್ ಸೇರಿದರು, ಹತ್ತು ಜನಕ್ಕೂ ಗತಿಯಿಲ್ಲ ಈ ಊರಿಗೆ, ಅಕ್ಕ ಪ್ರಾರ್ಥನೆಯಿಲ್ಲದೆ ಮಲಗಬೇಕೇ, ಗೇಟು ತೆರೆದೇ ಇದೆ, ನುಗ್ಗಿಬಿಟ್ಟರೆ ಯಾರು ತಡೆಯುತ್ತಾರೆ, ಅಪ್ಪ ತಡೆಯುತ್ತಾನೆ, ಸತ್ತವನೇ ತಡೆಯುತ್ತಾನೆ. ಸೆಪ್ಪಿ, ಗಾಡಿ ಇತ್ತ ತಾರಯ್ಯ, ಕುದುರೆ ಹಿಡಿ, ಹಿಡ್ಕೊಂಡಿದೀನಿ ಯಜಮಾನ್ರೇ, ಬೇಗ ಹತ್ತಿ, ಇದಕ್ಕೆ ನಿಮ್ಮ ಶಾಸ್ತ್ರ ಗೊತ್ತಿಲ್ಲ, ಕೊಂಬೆ ಕೆಳಗೇ ಎಳೀತದೆ — ಗಾಡಿ ಓಲಾಡುತ್ತದೆ, ಮುಖ ಮೇಲೆ ಬಂತು, ಎಲ್ಲರೂ ತಿರುಗಿದರು, ಅಕ್ಕನ ಮಗ ಎಡ್ಮಂಡ್ ನನ್ನನ್ನೇ ನೋಡಿದ, ಕದ್ದೀಶ್ ಶುರುಮಾಡಿದ. ಆಮೆನ್ ಅನ್ನಬೇಕು, ಅವಳು ಅಲ್ಲಿ, ದೂರ, ಗಂಡನ ಮನೆಯವರ ಗೋರಿಗಳ ಸಾಲಿನಲ್ಲಿ, ತಗೋಳೇ ಅಕ್ಕ, ಎಸೆದೆ, ಮಣ್ಣು ಅಷ್ಟು ದೂರ ಹೋಗಲಿಲ್ಲ, ಗೋಡೆಯ ಬುಡದಲ್ಲೇ, ಅವಳು ಹತ್ತುತ್ತಿದ್ದ ಕಲ್ಲಿನ ಮೇಲೆ ಬಿತ್ತು, ಕಲ್ಲಿನ ಮೇಲೆ ಯಾರೂ ಇಲ್ಲ, ಆಮೆನ್, ಯಾರೂ ಇಲ್ಲ, ಕೈ, ಕಪ್ಪು ಅಂಗೈ, ಗೋಡೆಯ ಮೇಲೆ ಬರೀ ಕೈ —