ಗೋಡೆಗೆ ಮುಖ ಮಾಡಿ ನಿಂತವಳು

"ಎಣಿಕೆ ಮುಗಿಯೋವರೆಗೂ ತಿರುಗಿ ನೋಡಬಾರ್ದು, ಗೊತ್ತಾಯ್ತಾ ಮಗೂ?" ಪಕ್ಷದ ಜಿಲ್ಲಾ ಅಧ್ಯಕ್ಷ ಮ್ವಾಲೆ ಮೂರನೇ ಸಲ ಹೇಳಿದ.

ಆರು ವರ್ಷ ಪ್ರೌಢಶಾಲೆಯಲ್ಲಿ ಲೆಕ್ಕ ಕಲಿಸಿದ ಅಲಿನಾಫೆಗೆ ಅದು ಒಂದೇ ಸಲಕ್ಕೆ ಅರ್ಥವಾಗಿತ್ತು. ಆದರೆ ಮ್ವಾಲೆಯಂಥವರಿಗೆ ಹೆಂಗಸರ ಜೊತೆ ಮಾತಾಡುವುದೆಂದರೆ ಮೂರು ಸಲ ಹೇಳುವುದು. ಅವನ ಬಾಯಿಂದ ಬೆಳಗ್ಗೆಯೇ ಬಿಯರಿನ ವಾಸನೆ ಬರುತ್ತಿತ್ತು. ಅವಳು ಶಾಲೆಯ ಗೋಡೆಗೆ ಮುಖ ಮಾಡಿದಳು.

ಪಾರ್ಲಿಮೆಂಟಿಗೆ ಪಕ್ಷದ ಟಿಕೆಟ್ಟು ಯಾರಿಗೆಂದು ಡೆಡ್ಜಾದ ಈ ಮೈದಾನದಲ್ಲಿ ಸಾಲೇ ತೀರ್ಮಾನಿಸುವುದು. ಅಭ್ಯರ್ಥಿಗಳು ಗೋಡೆ ನೋಡುತ್ತ ನಿಲ್ಲಬೇಕು, ಜನ ಬೇಕಾದವರ ಬೆನ್ನ ಹಿಂದೆ ಸಾಲುಗಟ್ಟಬೇಕು. ಹತ್ತು ಮಾರು ಆಚೆ, ಹದಿನೈದು ವರ್ಷ ಸಂಸತ್ತಿನಲ್ಲಿ ಸುಖವಾಗಿ ನಿದ್ದೆ ಮಾಡಿದ ಚಿಂಬಲಾಂಗ ನಿಂತಿದ್ದ. ಸೋತರೂ ಅವನಿಗೆ ರಾಜಧಾನಿ ಲಿಲೊಂಗ್ವೆಯಲ್ಲಿ ಮೂರು ಮನೆಗಳಿದ್ದವು. ಅಲಿನಾಫೆ ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದಿದ್ದಳು. ಸೋತರೆ ವಾಪಸು ಹೋಗಲು ಶಾಲೆಯೂ ಇರಲಿಲ್ಲ.

"ಗೋಡೆ ಚೆನ್ನಾಗಿದೆ ಅಲ್ವಾ ಮಗಳೇ? ನಾನೇ ಸುಣ್ಣ ಹೊಡಿಸಿದ್ದು," ಎಂದ ಚಿಂಬಲಾಂಗ.

"ಈ ಕಡೆ ಮಾತ್ರ ಹೊಡಿಸಿದ್ದೀರಿ. ಕ್ಯಾಮೆರಾ ಬರೋ ಕಡೆ."

ಅವನು ಹೊಟ್ಟೆ ಕುಲುಕಿಸಿ ನಕ್ಕ. ನಾಚಿಕೆಯೆನ್ನುವುದು ಅವನ ಹತ್ತಿರ ಸುಳಿದೂ ಇರಲಿಲ್ಲ.

ಬೆಳಗ್ಗೆಯೆಲ್ಲ ಮೈದಾನದಲ್ಲಿ ಹೆಂಗಸರು ಅವನೆದುರು ಕುಣಿದಿದ್ದರು. ಪ್ರತಿಯೊಬ್ಬರ ಸೊಂಟದಲ್ಲೂ ಅವನು ಹಂಚಿದ ಹೊಸ ಚಿತೇಂಜೆ, ಬಟ್ಟೆಯ ನಡುವೆ ಅವನದೇ ದೊಡ್ಡ ನಗುಮುಖ. ಮುಂದೆ ನಿಂತು ಹಾಡು ಎತ್ತಿಕೊಟ್ಟವಳು ಅಲಿನಾಫೆಯ ತಾಯಿ ನಾಜೆರೆ. ಮೂವತ್ತು ವರ್ಷಗಳಿಂದ ಯಾವ ದೊಡ್ಡ ಮನುಷ್ಯ ಬಂದರೂ ಅವಳದೇ ಹಾಡು. ನೋಡುತ್ತಿದ್ದರೆ ಅಲಿನಾಫೆಗೆ ಮೈ ಉರಿಯುತ್ತಿತ್ತು. ಹೋದ ವಾರ ಸಭೆಯಲ್ಲಿ ಮ್ವಾಲೆ, "ನೀನೂ ನಾಲ್ಕು ಹೆಜ್ಜೆ ಹಾಕು, ಜನ ಮೆಚ್ಕೋತಾರೆ," ಎಂದಾಗ ಅವಳು ಎಲ್ಲರೆದುರೇ ಹೇಳಿದ್ದಳು: "ನಾನು ಕಾನೂನು ಮಾಡೋಕೆ ಬಂದಿದ್ದೀನಿ. ಸೊಂಟ ಕುಣಿಸೋಕೆ ಕೆಲಸವಿಲ್ಲದವರು ಬೇಕಾದಷ್ಟಿದ್ದಾರೆ." ಆ ಮಾತನ್ನು ಅವಳು ಆಮೇಲೂ ಎರಡು ಮೂರು ಸಲ ಮನಸ್ಸಿನಲ್ಲೇ ಮೆಲುಕು ಹಾಕಿ ಸುಖಪಟ್ಟಿದ್ದಳು.

ಈಗ ಬೆನ್ನ ಹಿಂದೆ ಕಾಲುಗಳ ಸದ್ದು. ಧೂಳು ಮೂಗಿಗೆ ಬಂತು. ಅವಳ ಹಳೆಯ ವಿದ್ಯಾರ್ಥಿಗಳು "ಟೀಚರ್, ನಾವಿದ್ದೀವಿ," ಎಂದರು. ಸಮಾಧಾನವಾಯಿತು. ಅಷ್ಟರಲ್ಲಿ ತಾಯಿಯ ನಗು ಕೇಳಿಸಿತು, ಆ ಒಡಕು ನಗು ಎಲ್ಲಿದ್ದರೂ ಗುರುತು ಸಿಗುವಂಥದ್ದು. ಅದು ಹತ್ತು ಮಾರು ಆಚೆಯಿಂದ ಬಂದಿತ್ತು.

ಎಣಿಕೆ ಮುಗಿದಾಗ ಅಲಿನಾಫೆಯ ಹಿಂದೆ ಎಪ್ಪತ್ನಾಲ್ಕು ಜನ. ಚಿಂಬಲಾಂಗನ ಹಿಂದೆ ಇನ್ನೂರ ಹತ್ತು. ಮ್ವಾಲೆ ಅದನ್ನೂ ಮೂರು ಸಲ ಕೂಗಿ ಹೇಳಿದ.

ಮಾವಿನ ಮರದ ಕೆಳಗೆ ಹೆಂಗಸರು ಕೂತು ಕಡಲೇಕಾಯಿ ಸುಲಿಯುತ್ತಿದ್ದರು. ಅಲಿನಾಫೆ ನೇರ ಅಲ್ಲಿಗೆ ಹೋದಳು.

"ಒಂದು ಬಟ್ಟೆ, ಒಂದು ಪೊಟ್ಟಣ ಸಕ್ಕರೆ. ನಿಮ್ಮ ಯೋಗ್ಯತೆ ಇಷ್ಟೇನಾ ಅಮ್ಮಾ?"

ನಾಜೆರೆ ತಲೆ ಎತ್ತಲಿಲ್ಲ. "ಅರ್ಧ ಪೊಟ್ಟಣ. ಅದ್ರಲ್ಲೂ ತಿಂದಿದ್ದಾನೆ ಕಳ್ಳ ನನ್ಮಗ."

ಹೆಂಗಸರೆಲ್ಲ ಗೊಳ್ಳೆಂದರು.

"ಕಳ್ಳ ಅಂತ ಗೊತ್ತಿದ್ದೂ ಅವನ ಹಿಂದೆ ನಿಂತ್ರಾ?"

"ಮ್ವಾಲೆ ಪುಸ್ತಕ ಹಿಡ್ಕೊಂಡು ಯಾರು ಎಲ್ಲಿ ನಿಂತ್ರು ಅಂತ ಬರ್ಕೋತಿದ್ದ ಕಣೇ. ಅಗ್ಗದ ಗೊಬ್ಬರದ ಚೀಟಿ ಕೊಡೋನು ಅವನೇ. ನೀನು ಗೋಡೆ ನೋಡ್ತಿದ್ದೆ, ನಿಂಗೆಲ್ಲಿ ಕಾಣ್ಬೇಕು?" ನಾಜೆರೆ ಸಿಪ್ಪೆ ಎಸೆದಳು. "ಅದೊಂದೇ ಅಲ್ಲ. ನಿನ್ನ ಮೇಲೆ ಸಿಟ್ಟೂ ಇತ್ತು. ಕೆಲಸವಿಲ್ಲದ ಈ ಸೊಂಟ ಕುಣಿದೇ ನಿನ್ನ ಹಾಸ್ಟೆಲ್ಲಿಗೆ ಶಿಫಾರಸು ಸಿಕ್ಕಿದ್ದು. ಆ ಕಳ್ಳ ಕೂಡ ಪ್ರತಿ ಸಲ ಅಂಗಳಕ್ಕೆ ಬಂದು ಮಂಡಿಯೂರಿ ಓಟು ಕೇಳ್ತಾನೆ. ನೀನು ನನ್ನ ಹೊಟ್ಟೇಲಿ ಹುಟ್ಟಿ ಒಂದು ದಿನ ಕೇಳಿದ್ಯಾ?"

ಅಲಿನಾಫೆ ನಿಜವಾಗಿಯೂ ಕೇಳಿರಲಿಲ್ಲ. ಇವರನ್ನು ಕೇಳಬೇಕು ಎಂದು ಅನ್ನಿಸಿಯೇ ಇರಲಿಲ್ಲ.

"ಪಕ್ಷ ಬಿಟ್ಟು ಒಂಟಿಯಾಗಿ ನಿಲ್ಲೋಕೆ ಹತ್ತು ಜನರ ಹೆಬ್ಬೆಟ್ಟು ಬೇಕಂತಲ್ಲ?" ಹಲ್ಲಿಲ್ಲದ ಮುದುಕಿಯೊಬ್ಬಳು ಯಾರನ್ನೂ ನೋಡದೆ ಹೇಳಿದಳು. "ದೊಡ್ಡ ಚುನಾವಣೇಲಿ ಸಾಲಿಲ್ಲ ತಾಯಿ. ಪರದೆ ಕಟ್ಟಿರ್ತಾರೆ. ಒಳಗೆ ಮ್ವಾಲೆ ಇಣುಕೋಕಾಗಲ್ಲ."

"ಇಣುಕಿದ್ರೆ ಕಣ್ಣಿಗೆ ಖಾರ ಹಾಕೋಣ ಬಿಡಿ," ಎಂದಳು ಇನ್ನೊಬ್ಬಳು.

ಅರ್ಜಿ ಶುಕ್ರವಾರದೊಳಗೆ ಸೇರಬೇಕಿತ್ತು. ಅಲಿನಾಫೆ ಮರದ ಕೆಳಗಿದ್ದವರನ್ನು ಎಣಿಸಿದಳು. ಹನ್ನೊಂದು ಜನ. ಎಣಿಸುವಾಗಲೇ ಅವಳ ಕಣ್ಣಿಗೆ ಬಿದ್ದದ್ದು: ಹನ್ನೊಂದು ಜನರೂ ಆ ಹೊಸ ಬಟ್ಟೆಯನ್ನು ಒಂದೇ ಥರ ಸುತ್ತಿದ್ದರು. ಚಿಂಬಲಾಂಗನ ಮುಖ ಸರಿಯಾಗಿ ಹಿಂದಕ್ಕೆ, ಕೂತರೆ ಅಡಿಗೆ ಬರುವಂತೆ. ಬೆಳಗ್ಗೆಯಿಂದ ಅವನೆದುರೇ ಹಾಗೆ ಕುಣಿದಿದ್ದರು, ಅವನು ಚಪ್ಪಾಳೆ ತಟ್ಟಿದ್ದ.

ನಾಜೆರೆ ಎದ್ದು ತನ್ನ ಚಿತೇಂಜೆ ಬಿಚ್ಚಿದಳು. ಒಳಗೆ ಅವಳ ಹಳೆಯ ನೀಲಿ ಲಂಗವಿತ್ತು. ಬಟ್ಟೆಯನ್ನು ಒಮ್ಮೆ ಕೊಡವಿ ಮಗಳ ಕಾಲ ಬಳಿ ಹಾಸಿದಳು. ಬಟ್ಟೆಯ ಮೇಲಿನ ಚಿಂಬಲಾಂಗ ಆಕಾಶ ನೋಡಿ ನಗುತ್ತಿದ್ದ.

ಅಲಿನಾಫೆ ಚಪ್ಪಲಿ ಬಿಟ್ಟಳು. ಆ ಬಿಳಿ ಹಲ್ಲುಗಳ ಮೇಲೆ ಎರಡೂ ಮಂಡಿಯೂರಿ, ಹಿರಿಯರೆದುರು ಮಾಡುವಂತೆ ಎರಡು ಸಲ ಮೆಲ್ಲಗೆ ಕೈ ತಟ್ಟಿದಳು.

"ಚಿಕ್ಕಮ್ಮಂದಿರೇ," ಎಂದಳು. "ಕೇಳೋಕೆ ಬಂದಿದ್ದೀನಿ."

ನಾಜೆರೆ ಕಡಲೇಕಾಯಿಯ ಬುಟ್ಟಿಯನ್ನು ಅವಳ ಕಡೆ ತಳ್ಳಿದಳು.