ಊಟವಾದ ಮೇಲೆ ಟಾಕ್ ಓವರ್

ಕಟ್ಟುಹಲ್ಲು ತಯಾರಿಸುವ ಆ ಲ್ಯಾಬಿನಲ್ಲಿ ಅವಳದು ಕಿಟಕಿ ಪಕ್ಕದ ಜಾಗ. ಹಲ್ಲಿನ ಬಣ್ಣ ಹೊಂದಿಸುವುದು ಅವಳ ಕೆಲಸ. ಟ್ಯೂಬ್‌ಲೈಟಿನಡಿ ಬೆಳ್ಳಗೆ ಕಂಡದ್ದು ಹಗಲ ಬೆಳಕಿಗೆ ಹಿಡಿದರೆ ಹಳದಿ. ಹಾಗಾಗಿ ಆ ಕಿಟಕಿಯೆಂದರೆ ಅವಳಿಗೆ ಪ್ರಾಣ.

ಬೆಳಿಗ್ಗೆ ಹೊಸ ಮ್ಯಾನೇಜರರಿಂದ ಮೊಬೈಲಿಗೆ ಸಂದೇಶ ಬಂತು. ನಿಮ್ಮನ್ನು ಹೊಸ ಶಾಖೆಗೆ ಕಳಿಸುವ ವಿಚಾರವಿದೆ, ಊಟವಾದ ಮೇಲೆ ಬನ್ನಿ, ‘ಟಾಕ್ ಓವರ್’ ಮಾಡೋಣ.

ಅರ್ಥ ಅವಳಿಗೆ ಗೊತ್ತಿತ್ತು. ತೀರ್ಮಾನಕ್ಕೆ ಮುಂಚೆ ಸೇರಿ ಚರ್ಚಿಸುವುದು ಎಂದು ಕಾಲೇಜಿನಲ್ಲಿ ಕಲಿತು, ವಾಕ್ಯ ಮಾಡಿ ಅಂಕವನ್ನೂ ಗಿಟ್ಟಿಸಿದ್ದಳು. ಆದರೆ ಮನೆಯಲ್ಲಿ ಕಂಡ ಬಳಕೆಯೇ ಬೇರೆ. ಅಪ್ಪ ‘ಕೂತು ಮಾತಾಡೋಣ’ ಎಂದಾಗ ಎಂ.ಎ. ಸೀಟು ಆಗಲೇ ಕೈಬಿಟ್ಟುಹೋಗಿತ್ತು. ಅತ್ತೆ ‘ಕೂತು ಮಾತಾಡೋಣಮ್ಮ’ ಎಂದಾಗ ಮೇಲಿನ ಕೋಣೆ ಮೈದುನನ ಪಾಲಾಗಿತ್ತು. ಎಲ್ಲ ಮುಗಿದ ಮೇಲೆ ಆಡುವ ಮಾತು ಅದು. ಕೂತವರು ತಲೆಯಾಡಿಸಿ ಏಳಬೇಕು, ಅಷ್ಟೇ.

ಇದನ್ನೆಲ್ಲ ಪಕ್ಕದ ಮೇಜಿನ ಗೆಳತಿಗೆ ಹೇಳಿಕೊಂಡಳು. ಬಾಯಿಗೆ ಬೀಗವಿಲ್ಲದ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ‘ರೇಡಿಯೊ’ ಎಂದು. ಮೊದಲು ಹೋಗಿ ಕೇಳು, ಆಮೇಲೆ ಅಳು ಎಂದಳು ರೇಡಿಯೊ. ಇವಳ ಕಿವಿಗೆ ಬೀಳಲಿಲ್ಲ. ಕುಂಚಗಳನ್ನು ಒರೆಸಿ ಡಬ್ಬಿಗೆ ಹಾಕಿ, ಕಿಟಕಿಯ ಜಾಗವನ್ನು ರೇಡಿಯೊಗೇ ಒಪ್ಪಿಸಿ, ಊಟವಾದ ಮೇಲೆ ಮ್ಯಾನೇಜರರ ಕೋಣೆಗೆ ಹೋದಳು.

ಒಳಗೆ ಹೋದವಳು ಕೂರುವ ಮೊದಲೇ, “ಆಯ್ತು ಸರ್, ಹೋಗ್ತೀನಿ” ಎಂದಳು.

ಮ್ಯಾನೇಜರ್ ಕನ್ನಡಕ ತೆಗೆದರು. “ಎಲ್ಲಿಗಮ್ಮಾ? ನಾನಿನ್ನೂ ಏನೂ ಕೇಳೇ ಇಲ್ವಲ್ಲ. ಕೂತ್ಕೊಳ್ಳಿ. ನಿಮಗೇನನ್ಸುತ್ತೆ?”

ಹಲ್ಲಿನ ಬಣ್ಣ ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದಳು. ತನಗೇನನ್ನಿಸುತ್ತದೆ? ಇದೂ ಒಂದು ಪರೀಕ್ಷೆಯೇ? ಬೇಡವೆಂದರೆ ಉಳಿಸುತ್ತಾರೋ, ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೋ? ಕೊನೆಗೆ, ಅಲ್ಲಿ ಕಿಟಕಿ ಇದೆಯೇ ಎಂದು ಕೇಳಿದಳು. ಇಲ್ಲ, ನೆಲಮಾಳಿಗೆ ಎಂದರು.

“ಹಾಗಿದ್ರೆ ನಾನಿಲ್ಲೇ ಇರ್ತೀನಿ ಸರ್.”

ಆ ದನಿ ತನ್ನದೇ ಎಂದು ನಂಬಲು ಅವಳಿಗೆ ಕಷ್ಟವಾಯಿತು. ಅವರು ಸರಿ ಎಂದುಬಿಟ್ಟರು. ಇಷ್ಟೇನಾ?

ಹೊರಬಂದರೆ ರೇಡಿಯೊ ನೀರಿನ ಬಾಟಲಿ, ಮಗಳ ಫೋಟೊ ಸಮೇತ ಕಿಟಕಿಯ ಬಳಿ ಬೀಡುಬಿಟ್ಟಿದ್ದಳು. “ಏನಾಯ್ತೇ?”

ಇವಳು ಸ್ಟೂಲು ಎಳೆದುಕೊಂಡಳು. “ಬಾ, ಕೂತು ಮಾತಾಡೋಣ.”

ರೇಡಿಯೊ ಬಾಟಲಿ, ಫೋಟೊ ಎತ್ತಿಕೊಂಡು ತನ್ನ ಮೇಜಿಗೆ ಹೊರಟಳು.

“ಅಯ್ಯೋ, ನಾನು ನಿಜವಾಗ್ಲೂ ಮಾತಾಡೋಣ ಅಂದೆ ಕಣೇ.”

ನಿಜವಾಗಿಯೂ ಹಾಗೆಯೇ ಅಂದಿದ್ದೆನೇ? ಅವಳಿಗೇ ತಿಳಿಯಲಿಲ್ಲ.