ಆರನೇ ಬೋಲ್ಟು

ನಮ್ಮತ್ತೆ ಚಿನ್ನಕ್ಕನ ತಲೆಯ ಮೇಲೆ ಮೂವತ್ನಾಲ್ಕು ವರ್ಷ ಒಂದು ಅಪವಾದ ಕೂತಿತ್ತು. ನನ್ನ ಗಂಡ ಈರೇಶ್ ಆಸ್ಪತ್ರೆಯಲ್ಲಿ ಹುಟ್ಟಿದವನಲ್ಲ. ಚಳ್ಳಕೆರೆಗೆ ಹೋಗುವ ದಾರಿಯಲ್ಲಿ, ತಳಕು ದಾಟಿದ ಮೇಲೆ, ರಸ್ತೆ ಬದಿ ನಿಲ್ಲಿಸಿದ ಜೀಪಿನಲ್ಲಿ ಹುಟ್ಟಿದವನು. ಅದಕ್ಕೆ ಕಾರಣ ಅತ್ತೆಯಂತೆ. ನೋವು ಶುರುವಾದರೂ ಯಾರಿಗೂ ಹೇಳದೆ ಮುದ್ದೆ ಕಟ್ಟುತ್ತಾ ಕೂತಿದ್ದರಂತೆ.

ನಮ್ಮ ಕಡೆ ಯಾವ ಬಸುರಿ ಹುಡುಗಿಗೆ ಕುಬುಸ ಮಾಡಿದರೂ, ಮಡಿಲು ತುಂಬಿದ ಮೇಲೆ ಮಾವನ ಅಕ್ಕ ಬೋರಕ್ಕ ಇದನ್ನು ಹೇಳದೆ ಊಟಕ್ಕೆ ಏಳುವುದಿಲ್ಲ. "ನೋಡವ್ವ, ಚಿನ್ನಕ್ಕನಂಗೆ ಮಾಡ್ಬ್ಯಾಡ. ನೋವು ಬಂದ್ರೆ ಬಾಯಿ ಬಿಡು." ಎಲ್ಲರೂ ನಗುತ್ತಾರೆ. ಅತ್ತೆಯೂ ನಗುತ್ತಾರೆ. ಆ ನಗು ನನಗೆ ಯಾವತ್ತೂ ಸರಿ ಕಂಡಿಲ್ಲ.

ಒಮ್ಮೆ ಕೇಳಿಯೇಬಿಟ್ಟಿದ್ದೆ. "ನಿಜವಾಗ್ಲೂ ಹೇಳಿರಲಿಲ್ವಾ ಅತ್ತೆ?"

"ಹೇಳ್ದೆ ಅಂತ್ಲೇ ನೆನಪು ಕಣವ್ವ. ನಿಮ್ಮಾವ ಜೀಪಿನ ಬಾನೆಟ್ಟೊಳಗೆ ತಲೆ ಹಾಕ್ಕಂಡು ಏನೋ ಕುಟ್ತಾ ಇದ್ರು. ಕೇಳಿಸ್ಲೇ ಇಲ್ಲ ಅಂದ್ರು. ಮೆಲ್ಲಗೆ ಹೇಳಿದ್ನೋ ಏನೋ." ಅಷ್ಟು ಹೇಳಿ ಮಾತು ತಿರುಗಿಸಿದರು. ಮನುಷ್ಯರು ಹತ್ತು ಸಲ ಹೇಳಿದ ಸುಳ್ಳನ್ನು ಹನ್ನೊಂದನೇ ಸಲಕ್ಕೆ ನಂಬುತ್ತಾರೆ, ಅದು ತಮ್ಮ ಮೇಲಿನ ಸುಳ್ಳಾದರೂ ಸರಿ.

ಆ ಜೀಪು ಈಗಲೂ ಬಿ.ಜಿ. ಕೆರೆಯ ನಮ್ಮ ಮನೆ ಅಂಗಳದಲ್ಲೇ ಇದೆ. ಈರೇಶನ ತಾತ ಕೊಂಡಿದ್ದ ಪೆಟ್ರೋಲ್ ಜೀಪು. ಇಂಜಿನ್ನಿನ ಹೊಗೆಯನ್ನು ಸೈಲೆನ್ಸರಿಗೆ ದಾಟಿಸುವ ಎರಕದ ಕಬ್ಬಿಣದ ತುಂಡಿಗೆ ಮ್ಯಾನಿಫೋಲ್ಡ್ ಅನ್ನುತ್ತಾರೆ. ಅದು ಹೋದ ತಿಂಗಳು ಸೀಳು ಬಿಟ್ಟಿತು. ಹೊಗೆ ಒಳಗೇ ನುಗ್ಗಿ, ಕೂತವರೆಲ್ಲ ಕೆಮ್ಮುತ್ತಾ ಇಳಿಯುವಂತಾಯಿತು. ಚಳ್ಳಕೆರೆಯ ಅಂಗಡಿಗಳಲ್ಲಿ ಎಲ್ಲೂ ಹೊಸದು ಸಿಗಲಿಲ್ಲ. ಈರೇಶ್ ಗೇಟು, ಗ್ರಿಲ್ಲು ಮಾಡುವವನು, ವೆಲ್ಡಿಂಗ್ ಮೆಷಿನ್ನು ಮನೆಯಲ್ಲೇ ಇದೆ. ಮೊಬೈಲಿನಲ್ಲಿ ವಿಡಿಯೋ ನೋಡಿ, ನಾಲ್ಕು ಪೈಪು ಬಗ್ಗಿಸಿ ಒಂದಕ್ಕೆ ಸೇರಿಸಿ ಅದರ ಬದಲಿಗೆ ಹಾಕಲು ತಾನೇ ಒಂದು ಹೆಡರ್ ಮಾಡಿದ. ಮುಂದಿನ ಭಾನುವಾರ ದೊಡ್ಡಉಳ್ಳಾರ್ತಿಯಲ್ಲಿ ನಾದಿನಿ ಕಾವ್ಯನ ಕುಬುಸ. ಅಷ್ಟರೊಳಗೆ ಜೀಪು ಸರಿಯಾಗಬೇಕು, ಮನೆಮಂದಿಯೆಲ್ಲ ಅದರಲ್ಲೇ ಹೋಗಬೇಕು ಎಂದು ಅವನ ಹಟ.

ಅಂದರೆ ಬೋರಕ್ಕನ ಕಥೆ ಇನ್ನೊಂದು ಸಲ. ಅದೂ ಅತ್ತೆಯ ಸ್ವಂತ ಮಗಳ ಮುಂದೆ, ಬೀಗರ ಮುಂದೆ. ಅತ್ತೆ ನಾಲ್ಕು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ಕುಬುಸಕ್ಕೆ ಇನ್ನೂ ಎಂಟು ದಿನ ಇರುವಾಗ, ಶನಿವಾರ ಬೆಳಿಗ್ಗೆ ಈರೇಶ್ ಬಾನೆಟ್ ಎತ್ತಿದ ಕೂಡಲೇ ಮಾವ ಯತ್ತಪ್ಪ ಬಂದು ನಿಂತರು.

"ಮುಟ್ಬ್ಯಾಡ ಲೇ. ಹಳೇ ಗಾಡಿ. ಒಂದು ಬೋಲ್ಟು ಒಳಗೆ ಮುರೀತು ಅಂದ್ರೆ ಇಂಜಿನ್ನೇ ಹೋತು."

"ಮುರಿಯಲ್ಲ ಕಣಪ್ಪ. ನೀನು ಸುಮ್ಕೆ ನೋಡ್ತಿರು."

ಹಳೇ ಮ್ಯಾನಿಫೋಲ್ಡನ್ನು ಇಂಜಿನ್ನಿಗೆ ಬಿಗಿದ ಬೋಲ್ಟು ಆರು. ಈರೇಶ್ ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿದ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ಕಾಯ್ದ. ತುಕ್ಕು ಹಿಡಿದ ಬೋಲ್ಟನ್ನು ಒಮ್ಮೆಲೇ ಬಿಚ್ಚಬಾರದಂತೆ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಮತ್ತೆ ಬಿಗಿ ಮಾಡಿ, ಹೀಗೆ ಮುದ್ದು ಮಾಡುತ್ತಾ ತರಬೇಕಂತೆ. ನನ್ನ ಮೇಲೆ ಇಷ್ಟು ತಾಳ್ಮೆ ಯಾವತ್ತಾದರೂ ತೋರಿಸಿದ್ದೀರಾ ಎಂದು ಕೇಳಬೇಕೆನಿಸಿತು, ಬೋಲ್ಟು ಮುರಿದರೆ ನನ್ನ ಮೇಲೆ ಬರುತ್ತದೆ ಎಂದು ಸುಮ್ಮನಾದೆ. ಊಟದ ಹೊತ್ತಿಗೆ ಐದು ಬಂದವು.

ಕೊನೆಯದು ಜಪ್ಪಯ್ಯ ಅನ್ನಲಿಲ್ಲ. ಸ್ಪ್ಯಾನರಿಗೆ ಉದ್ದದ ಪೈಪು ತೂರಿಸಿ ಎಳೆದ. ಸ್ಪ್ಯಾನರ್ ಜಾರಿ ಬೆರಳಿನ ಗೆಣ್ಣಿನ ಚರ್ಮ ಕಿತ್ತು ಬಂತು. ಗ್ಯಾಸ್ ಹೊತ್ತಿಸಿ ಕೆಂಪಗೆ ಕಾಯಿಸಿ, ಮೇಣ ಕರಗಿ ಸಂದಿಗೆ ಇಳಿಯಲೆಂದು ಮೇಣದಬತ್ತಿ ಒತ್ತಿದ. ಮೇಣ ಹರಿದು ಹೋಯಿತು, ಬೋಲ್ಟು ಅಲ್ಲಾಡಲಿಲ್ಲ.

ಆಗ ಮಾವ ಅಡುಗೆಮನೆಯಿಂದ ಶೇಂಗಾ ಎಣ್ಣೆಯ ಡಬ್ಬಿ ತಂದರು. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಇಪ್ಪತ್ತೈದು ವರ್ಷ ದುಡಿದವರು. ಮೊಣಕಾಲು ನೋವಿಗೂ ಅದೇ, ಬಾಗಿಲ ಕೀಲಿಗೂ ಅದೇ.

"ಇದರ ಮುಂದೆ ನಿನ್ನ ಸ್ಪ್ರೇ ಯಾವ ಲೆಕ್ಕ? ಹಾಕಿ ಕಾಯಿಸು."

ಈರೇಶ್ ಅದನ್ನೂ ಮಾಡಿದ. ಅಂಗಳದ ತುಂಬ ಬೋಂಡಾ ಕರಿದ ವಾಸನೆ. ಭಾನುವಾರ ಬೆಳಿಗ್ಗೆ ನೋಡಿದರೆ ಎಣ್ಣೆ ಸುಟ್ಟು ಅರಗಿನಂತೆ ಗಟ್ಟಿಯಾಗಿ ಬೋಲ್ಟಿನ ಸುತ್ತ ಹಿಡಿದಿತ್ತು. ಕಾದ ಎಣ್ಣೆ ಅಂಟಾಗುತ್ತದೆ ಎಂದು ಎಣ್ಣೆ ಮಿಲ್ಲಿನವರಿಗೆ ಗೊತ್ತಿಲ್ಲದಿರುತ್ತದೆಯೇ? ಆದರೆ ಆಗ ನನಗದು ಹೊಳೆಯಲಿಲ್ಲ.

"ಬಿಟ್ಟಾಕು ಮಗಾ. ಹಳೇ ಬೋಲ್ಟನ್ನೇ ತಿರುಗ ಹಾಕಿ, ಸೀಳಿಗೆ ಏನಾರ ಮೆತ್ತು," ಎಂದರು ಮಾವ. ಅವರ ದನಿ ಗದರುವಂತಿರಲಿಲ್ಲ, ಬೇಡಿಕೊಳ್ಳುವಂತಿತ್ತು.

ನನಗೆ ರೇಗಿತು. ಎರಡು ದಿನದಿಂದ ಅಂಗಳ ಗುಡಿಸಲಾಗಿಲ್ಲ, ಅಪ್ಪ ಮಗ ಎಣ್ಣೆ ಹುಯ್ದುಕೊಂಡು ಆಡುತ್ತಿದ್ದಾರೆ. ಸೀಮೆಎಣ್ಣೆ, ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ನಾನೇ ಆ ಅಂಟು ಕೆರೆಯಲು ನಿಂತೆ. ನನ್ನ ತವರು ಕೊಂಡ್ಲಹಳ್ಳಿ. ಮದುವೆಗೆ ಮುಂಚೆ ಆರು ವರ್ಷ ರೇಷ್ಮೆ ಸೀರೆ ನೇಯ್ದವಳು. ಹರಿದ ಎಳೆಯನ್ನು ಎಲ್ಲಿ ಜೋಡಿಸಿದ್ದಾರೆ ಎಂದು ಕಣ್ಣಿಗಿಂತ ಮೊದಲು ನನ್ನ ಬೆರಳಿಗೆ ತಿಳಿಯುತ್ತದೆ. ಅಂಟು, ಮಸಿ, ತುಕ್ಕು ಎಲ್ಲ ಹೋದ ಮೇಲೆ ಬೋಲ್ಟಿನ ತಲೆಯ ಸುತ್ತ ಉಗುರು ಆಡಿಸಿದೆ. ಬಿಗಿದ ಬೋಲ್ಟಾದರೆ ತಲೆಯ ಕೆಳಗೆ ಉಗುರು ಸಿಕ್ಕುವಷ್ಟಾದರೂ ಸಂದಿ ಇರಬೇಕು. ಇದಕ್ಕೆ ಇರಲಿಲ್ಲ.

"ರೀ, ಇಲ್ಲಿ ನೋಡ್ರಿ. ಇದು ಬೋಲ್ಟಲ್ಲ. ಬರೀ ತಲೆ ತಂದು ಅಂಟಿಸ್ಯಾರೆ."

ಈರೇಶ್ ಟಾರ್ಚು ಹಾಕಿ ಬಗ್ಗಿದ. "ವೆಲ್ಡಿಂಗು," ಎಂದ. ದಿನವಿಡೀ ವೆಲ್ಡಿಂಗ್ ಮಾಡುವ ಕಣ್ಣಿಗೆ ಅದು ಎರಡು ದಿನ ಕಂಡಿರಲಿಲ್ಲ. ಅದನ್ನು ನಾನು ಇವತ್ತಿಗೂ ಎತ್ತಿ ಆಡುತ್ತೇನೆ.

"ಒಳಗೆ ಯಾವಾಗ್ಲೋ ಮುರಿದೈತೆ. ಗೊತ್ತಾಗಬಾರದು ಅಂತ ಮೇಲೆ ತಲೆ ಕೂರಿಸ್ಯಾರೆ. ಒಂದು ಕಡೆ ಹಿಡಿತ ಇಲ್ಲದೇನೇ ಇದು ಸೀಳಿರೋದು. ಯಾವ ಬೇಕೂಫ ಮಾಡಿದ್ದಪ್ಪ ಇದನ್ನ?"

ಮಾವ ಕಟ್ಟೆಯ ಮೇಲೆ ಕೂತುಬಿಟ್ಟರು. "ವೆಲ್ಡಿಂಗ್ ಹೊಡೆದಿದ್ದು ಆಗಿನ ಗ್ಯಾರೇಜಿನ ಕ್ಯಾತಣ್ಣ. ಹೊಡಿಸಿದ್ದು ನಾನು."

"ಯಾವಾಗ?"

"ನೀನು ಹುಟ್ಟಿದ ದಿನ."

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಮಾವ ಮಗನ ಮುಖ ಬಿಟ್ಟು ಅವರನ್ನೇ ನೋಡುತ್ತಾ ಹೇಳಿದರು. ಆ ದಿನ ತಾತ ಬಸ್ಸಿನಲ್ಲಿ ಮೊಳಕಾಲ್ಮೂರಿಗೆ ಹೋಗಿದ್ದರು. ಜೀಪು ಯಾರೂ ಮುಟ್ಟಬಾರದೆಂದು ತಾತನ ಕಟ್ಟಪ್ಪಣೆ. ಇಪ್ಪತ್ನಾಲ್ಕರ ಹುಮ್ಮಸ್ಸು, ಇವರು ರಿಪೇರಿ ಮಾಡಿ ಭೇಷ್ ಅನ್ನಿಸಿಕೊಳ್ಳಲು ಹೋಗಿ ಬೋಲ್ಟು ಮುರಿದರು.

"ಅಪ್ಪ ನೋಡಿದ್ರೆ ಚರ್ಮ ಸುಲೀತಿತ್ತು. ಅದು ಬರೋದ್ರೊಳಗೆ ಮುಚ್ಚಬೇಕು ಅಂತ ಜೀಪ್ನ ಕ್ಯಾತಣ್ಣನ ಅಂಗಡಿಗೆ ಒಯ್ದೆ. ಎರಡು ತಾಸು ಹೋತು. ಆಮ್ಯಾಲೆ ಆಸ್ಪತ್ರೆಗೆ ಒಯ್ಯೋದು ಯಾಕ್ಲಾ ತಡ ಆತು ಅಂತ ಅಪ್ಪ ಕೇಳ್ತು. ಇವಳು ಹೇಳ್ಲೇ ಇಲ್ಲ ಅಂದ್ಬಿಟ್ಟೆ."

ನನಗೆ ಮೈ ಉರಿದುಹೋಯಿತು. ಒಂದು ಗೇಣಿಲ್ಲದ ಕಬ್ಬಿಣಕ್ಕೆ ಹೆದರಿ ಹೆಂಡತಿಯ ತಲೆಗೆ ಕಟ್ಟಿದ ಗಂಡಸು! ಎಣ್ಣೆ ಡಬ್ಬಿ ಎತ್ತಿ ಎಸೆಯಬೇಕೆನಿಸಿತು. ಅತ್ತೆ ಬೈಯಲಿ, ಅಳಲಿ, ಏನಾದರೂ ಮಾಡಲಿ ಎಂದು ಅವರ ಕಡೆ ನೋಡಿದೆ.

"ನಾನು ಬಂದು ಹೇಳಿದ್ದು ನಿಮಗೆ ಕೇಳಿಸಿತ್ತಾ?" ಎಂದರು ಅತ್ತೆ.

"ಕೇಳಿಸಿತ್ತು ಕಣೇ."

ಅತ್ತೆ ಹೊಸ್ತಿಲ ಮೇಲೆ ಕೂತರು. "ಹಂಗಾರೆ ನಾನು ಹೇಳಿದ್ದೆ," ಎಂದರು. ಮತ್ತೊಮ್ಮೆ ಅದನ್ನೇ ಅಂದರು. ಆಮೇಲೆ ಈರೇಶನ ಕೈ ಎಳೆದುಕೊಂಡು, "ನಿನ್ನ ರಸ್ತೆಗೆ ಹಾಕಿದ್ದು ನಾನೇ ಅನ್ಕಂಡಿದ್ದೆ ಕಣೋ ಇಷ್ಟು ವರ್ಷ," ಎಂದು ಅತ್ತರು. ಅದು ದುಃಖದ ಅಳುವಲ್ಲ. ತಲೆ ಮೇಲಿನ ಹೊರೆಯನ್ನು ಯಾರೋ ಕೈ ಕೊಟ್ಟು ಇಳಿಸಿದಾಗ ಬರುವಂಥದ್ದು. ನನ್ನ ಸಿಟ್ಟೂ ಅರ್ಧ ಇಳಿಯಿತು. ಉಳಿದರ್ಧವನ್ನು ಇಟ್ಟುಕೊಂಡಿದ್ದೇನೆ.

ಮುಂದಿನ ಕೆಲಸ ನಾಚಿಕೆಯಾಗುವಷ್ಟು ಸುಲಭವಿತ್ತು. ಈರೇಶ್ ಗ್ರೈಂಡರಿನಿಂದ ಆ ಸುಳ್ಳು ತಲೆ ಸವೆಸಿ ಹಾರಿಸಿದ, ಮ್ಯಾನಿಫೋಲ್ಡ್ ಕೈಗೆ ಬಂತು. ಮುರಿದ ತುಂಡು ಒಂದಿಷ್ಟು ಹೊರಗೆ ಇಣುಕುತ್ತಿತ್ತು. ಅದರ ಮೇಲೆ ಒಂದು ನಟ್ಟು ಕೂರಿಸಿ, ನಡುವಿನ ತೂತಿನಲ್ಲಿ ವೆಲ್ಡ್ ತುಂಬಿ, ಬಿಸಿಯಿರುವಾಗಲೇ ಸ್ಪ್ಯಾನರ್ ಹಾಕಿದ. ಒಮ್ಮೆ ಕಿರುಗುಟ್ಟಿ, ಆಮೇಲೆ ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಹತ್ತು ನಿಮಿಷ ಹಿಡಿಯಲಿಲ್ಲ. ಸಂಜೆಯೊಳಗೆ ಹೆಡರ್ ಕೂತು ಜೀಪು ಗುಡುಗಿತು. ಎರಡು ದಿನದಿಂದ ಒಣಗಿಕೊಂಡಿದ್ದ ಮಾವ ಅವತ್ತು ಎರಡು ಮುದ್ದೆ ಉಂಡರು. ಅತ್ತೆಯೂ ಉಂಡರು.

ಮುಂದಿನ ಭಾನುವಾರ ಅದೇ ಜೀಪಿನಲ್ಲಿ, ಕೆಮ್ಮದೆ, ದೊಡ್ಡಉಳ್ಳಾರ್ತಿಗೆ ಹೋದೆವು. ಕಾವ್ಯನ ಮಡಿಲು ತುಂಬಿದ್ದಾಯಿತು. ಬೋರಕ್ಕ ಸೆರಗು ಸರಿಮಾಡಿಕೊಂಡು, "ನೋಡವ್ವ ಕಾವ್ಯ," ಎಂದು ಶುರು ಮಾಡಿದರು.

"ತಡೀರಿ ಅತ್ತಿಗೆ," ಎಂದರು ನಮ್ಮತ್ತೆ. "ಇವತ್ತು ಅದನ್ನ ಅವರೇ ಹೇಳ್ತಾರೆ."

ಹೆಂಗಸರು ದಾರಿ ಬಿಟ್ಟರು. ಮಾವ ಹೆಗಲ ಮೇಲಿನ ಟವೆಲ್ಲು ಹಿಂಡುತ್ತಾ ನಡುವೆ ಬಂದು ನಿಂತು, ನೆಲ ನೋಡಿಕೊಂಡು, "ಅವಳು ಹೇಳಿದ್ಲು. ನಾನೇ..." ಎಂದು ಗೊಣಗಿದರು.

"ಗಟ್ಟಿಯಾಗಿ ಹೇಳ್ರಿ," ಎಂದರು ಅತ್ತೆ. "ಹಿಂದೆ ಕೂತೋರಿಗೂ ಕೇಳಿಸಬೇಕು."